ಗಾಳಿ ಕೊಟ್ಟವರು, ಪೆಟ್ರೋಲ್ ಮರೆತವರು

ಟರ್ಬೊ ಚರಿತ್ರೆ ಬರೆದವರೆಲ್ಲ ಗಾಳಿಯ ಚರಿತ್ರೆಯನ್ನೇ ಬರೆದಿದ್ದಾರೆ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಪೇಟೆಂಟ್ ತಗೊಂಡ, ಸೈಲೆನ್ಸರ್‌ನಲ್ಲಿ ಸುಮ್ಮನೆ ಹೋಗ್ತಿದ್ದ ಹೊಗೆಯಿಂದ ಒಂದು ಚಕ್ರ ತಿರುಗಿಸಿದ, ಆ ಚಕ್ರ ಎಂಜಿನ್ನಿಗೆ ಗಾಳಿ ತುಂಬಿತು, ಅಲ್ಲಿಂದ ವಿಮಾನ, ಲಾರಿ, ರೇಸ್ ಕಾರು, ಕೊನೆಗೆ ನಮ್ಮ ಆಫೀಸಿನ ಬೇಸ್‌ಮೆಂಟಿನಲ್ಲಿ ನಿಂತಿರೋ ಸಣ್ಣ ಕಾರು. ಕಥೆ ಚೆನ್ನಾಗಿದೆ. ಆದರೆ ಟರ್ಬೊ ಹಾಕಿಸಿ ಕೆಟ್ಟ ಪೆಟ್ರೋಲ್ ಎಂಜಿನ್ ಒಂದನ್ನ ಬಿಚ್ಚಿಸಿ ನೋಡಿ. ಒಳಗೆ ಪಿಸ್ಟನ್ ತಲೆಯ ಮೇಲೆ ಮೇಣ ಕರಗಿದ ಹಾಗೆ ಒಂದು ತೂತು ಇರುತ್ತೆ. ಅಂಥ ತೂತುಗಳಲ್ಲಿ ಬಹುಪಾಲು ಆಗೋದು ಗಾಳಿ ಕಡಿಮೆಯಾಗಿ ಅಲ್ಲ, ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ.

ಇದನ್ನ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಟೀಮಿನ ಹುಡುಗನೊಬ್ಬ ತನ್ನ ಮೊದಲನೇ ಕಾರಿಗೆ, ಅದೂ ಇಎಂಐ ಇನ್ನೂ ಮುಗಿಯದ ಸೆಕೆಂಡ್ ಹ್ಯಾಂಡ್ ಕಾರಿಗೆ, ಟರ್ಬೊ ಹಾಕಿಸಬೇಕು ಅಂತ ಹೊರಟಿದಾನೆ. ಟ್ರ್ಯಾಕ್‌ಗೆ ಮಾತ್ರ ಒಯ್ತೀನಿ ಅಂತಾನೆ. ಆರ್‌ಟಿಒ ಏನಂತಾರೆ ಅನ್ನೋದು ಬೇರೆ ಮಾತು. ಗ್ಯಾರೇಜಿನವರು ಅವನಿಗೆ ಹೇಳಿದ್ದು: "ಲೋ ಬೂಸ್ಟ್ ಸಾರ್, ಬರೀ ಆರು ಪಿಎಸ್‌ಐ. ಪಂಪು, ಇಂಜೆಕ್ಟರ್ ಏನೂ ಮುಟ್ಟೋದು ಬೇಡ." ಬರೀ ಆರು ಅನ್ನೋ ಆ "ಬರೀ" ಇದೆಯಲ್ಲ, ಅದಕ್ಕೆ ಅರವತ್ತು ವರ್ಷದ ಇತಿಹಾಸ ಇದೆ.

ಮೊದಲು ಲೆಕ್ಕ ಮಾಡೋಣ. ಆರು ಪಿಎಸ್‌ಐ ಅಂದರೆ ಸುಮಾರು 0.4 ಬಾರ್. ವಾತಾವರಣದ ಒತ್ತಡ ಹೆಚ್ಚುಕಮ್ಮಿ 1 ಬಾರ್. ಅಂದರೆ ಮೊದಲು ಒಂದು ಪಾಲು ಗಾಳಿ ಕುಡೀತಿದ್ದ ಎಂಜಿನ್ ಈಗ 1.4 ಪಾಲು ಕುಡಿಯುತ್ತೆ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗೋದರಿಂದ ನಿಜವಾಗಿ ಒಳಗೆ ಹೋಗೋದು 1.3ರ ಆಸುಪಾಸು ಅಂತಿಟ್ಟುಕೊಳ್ಳಿ. ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು. ಟರ್ಬೊ ಇಲ್ಲದ ಎಂಜಿನ್ ಪೂರ್ತಿ ಆಕ್ಸಿಲರೇಟರ್ ತುಳಿದಾಗ 13ಕ್ಕೆ ಒಂದರಂತೆ ಉರಿಸುತ್ತೆ. ಟರ್ಬೊ ಇದ್ದರೆ 11.5ರಿಂದ 12ಕ್ಕೆ ಇಳಿಸಬೇಕು, ಯಾಕಂದ್ರೆ ಹೆಚ್ಚುವರಿ ಪೆಟ್ರೋಲ್ ಆವಿಯಾಗ್ತಾ ಒಳಗಿನ ಬಿಸಿ ಹೀರಿಕೊಳ್ಳುತ್ತೆ. ಎರಡನ್ನೂ ಸೇರಿಸಿದರೆ ಇಂಧನ ಬೇಕಾಗೋದು ಮೊದಲಿನ ಸುಮಾರು 1.4 ಪಟ್ಟು, ಇಂಟರ್‌ಕೂಲರ್ ಹಾಕಿ ಗಾಳಿ ತಣ್ಣಗಾದರೆ ಒಂದೂವರೆ ಪಟ್ಟು. ಕಂಪನಿಯವರು ಪಂಪು, ಇಂಜೆಕ್ಟರ್ ಇಡುವಾಗ ಸ್ವಲ್ಪ ಹೆಚ್ಚಿಗೆ ಬಿಟ್ಟಿರ್ತಾರೆ ನಿಜ. ಹೊಸ ಕಾರಿನ ಮಾತದು. ಹತ್ತು ವರ್ಷ ಓಡಿದ ಪಂಪು, ಕಸ ಕಟ್ಟಿದ ಫಿಲ್ಟರಿನಲ್ಲಿ ಆ ಹೆಚ್ಚಿಗೆ ಎಷ್ಟು ಉಳಿದಿದೆ ಅಂತ ಅಳೆಯದೆ ಹೇಳೋಕಾಗಲ್ಲ.

ಈ ಲೆಕ್ಕವನ್ನ ಮೊಟ್ಟಮೊದಲು ಮಾಮೂಲಿ ಗಿರಾಕಿಯ ಕೈಗೆ ಕೊಟ್ಟಿದ್ದು ಅಮೆರಿಕದ ಜನರಲ್ ಮೋಟರ್ಸ್, 1962ರಲ್ಲಿ. ವಿಶೇಷ ಏನಂದ್ರೆ ಒಂದೇ ಕಂಪನಿಯ ಎರಡು ಮನೆಗಳಿಂದ, ಕೆಲವೇ ವಾರಗಳ ಅಂತರದಲ್ಲಿ, ಎರಡು ಬೇರೆ ಬೇರೆ ಉತ್ತರ ಬಂತು. ಶೆವ್ರೊಲೆಯ ಕೊರ್ವೇರ್ ಮಾನ್ಜಾ ಸ್ಪೈಡರ್ ಒಂದು, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಇನ್ನೊಂದು.

ಕೊರ್ವೇರ್‌ನವರು ಜಾಣ ಜಿಪುಣರು. ಕಂಪ್ರೆಷನ್ ಅನುಪಾತವನ್ನ 8ಕ್ಕೆ ಇಳಿಸಿದರು. ಒಂದೇ ಒಂದು ಕಾರ್ಬ್ಯುರೇಟರ್ ಅನ್ನು ಟರ್ಬೊಗಿಂತ ಮುಂಚೆ ಇಟ್ಟರು. ಗಾಳಿ ಮೊದಲು ಕಾರ್ಬ್ಯುರೇಟರ್ ದಾಟಿ ಪೆಟ್ರೋಲ್ ಸೇರಿಸಿಕೊಂಡು ಆಮೇಲೆ ಟರ್ಬೊ ಸೇರಬೇಕು. ಹಾಗಾಗಿ ಗಾಳಿ ಜಾಸ್ತಿ ಎಳೆದಷ್ಟೂ ಪೆಟ್ರೋಲ್ ತಾನಾಗೇ ಜಾಸ್ತಿ ಬರುತ್ತೆ. ಬೂಸ್ಟ್ ಮಿತಿ ಮೀರದಂತೆ ತಡೆಯೋಕೆ ವೇಸ್ಟ್‌ಗೇಟ್ ಕೂಡ ಇಲ್ಲ. ಕಾರ್ಬ್ಯುರೇಟರಿನ ಸಣ್ಣ ಗಂಟಲು, ಸೈಲೆನ್ಸರಿನ ತಡೆ ಇವೇ ಕಾವಲು. 150 ಅಶ್ವಶಕ್ತಿ ಬಂತು. ಪೆಡಲ್ ತುಳಿದ ಮೇಲೆ ಕಾರು ಎದ್ದೇಳೋಕೆ ಹೊತ್ತು ಹಿಡೀತಿತ್ತು, ಆದ್ರೂ ನಡೀತು.

ಜೆಟ್‌ಫೈರ್‌ನವರದು ದೊಡ್ಡ ಆಸೆ. 3.5 ಲೀಟರಿನ ಅಲ್ಯೂಮಿನಿಯಂ ವಿ8, 215 ಘನ ಅಂಗುಲ. ಒಂದು ಘನ ಅಂಗುಲಕ್ಕೆ ಒಂದು ಅಶ್ವಶಕ್ತಿ ಅನ್ನೋ ಲೆಕ್ಕದಲ್ಲಿ 215 ಅಶ್ವಶಕ್ತಿ. ಬೂಸ್ಟ್ ಎಷ್ಟು ಗೊತ್ತಾ? ಸುಮಾರು ಐದು ಪಿಎಸ್‌ಐ. ನಮ್ಮ ಹುಡುಗನ "ಬರೀ ಆರಕ್ಕಿಂತ" ಕಡಿಮೆ. ಆದರೆ ಕಂಪ್ರೆಷನ್ ಅನುಪಾತವನ್ನ ಇಳಿಸದೆ 10.25ರಲ್ಲೇ ಇಟ್ಟರು. ಆ ಅನುಪಾತಕ್ಕೆ ಅಷ್ಟು ಗಾಳಿ ತುಂಬಿದರೆ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪೋಕೆ ಮುಂಚೆಯೇ ಉಳಿದ ಪೆಟ್ರೋಲ್ ತಾನೇ ಹೊತ್ತಿಕೊಳ್ಳುತ್ತೆ. ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಅಂತಾರಲ್ಲ, ಅದೇ. ಅದನ್ನ ತಡೆಯೋಕೆ ಅವರು ಬಾನೆಟ್ ಕೆಳಗೆ ಇನ್ನೊಂದು ತೊಟ್ಟಿ ಇಟ್ಟರು. ಅದರೊಳಗೆ ಡಿಸ್ಟಿಲ್ಡ್ ವಾಟರ್, ಮೆಥನಾಲ್, ತುಕ್ಕು ಹಿಡಿಯದಂತೆ ಒಂದಿಷ್ಟು ರಾಸಾಯನಿಕ. ಹೆಸರು ಕೇಳಿ: ಟರ್ಬೊ ರಾಕೆಟ್ ಫ್ಲೂಯಿಡ್. ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳಲ್ಲಿ ಬಳಸಿದ್ದ ಉಪಾಯವೇ ಇದು. ಬೂಸ್ಟ್ ಬಂದಾಗ ಈ ದ್ರವ ಕಾರ್ಬ್ಯುರೇಟರಿಗೂ ಟರ್ಬೊಗೂ ನಡುವೆ ಸಿಂಪಡಣೆ ಆಗುತ್ತೆ, ಗಾಳಿ ತಣ್ಣಗಾಗುತ್ತೆ, ಎಂಜಿನ್ ಬದುಕುತ್ತೆ.

ಎಂಜಿನಿಯರಿಂಗ್ ದೃಷ್ಟಿಯಿಂದ ತಪ್ಪೇನಿಲ್ಲ. ತೊಟ್ಟಿ ಖಾಲಿಯಾದರೆ ಬೂಸ್ಟ್ ಅನ್ನು ತಾನೇ ಕಡಿಮೆ ಮಾಡೋ ಕವಾಟವನ್ನೂ ಇಟ್ಟಿದ್ದರು. ಕೆಟ್ಟಿದ್ದು ಬೇರೆ ಕಡೆ. ಗಿರಾಕಿಗಳು ಆ ತೊಟ್ಟಿ ತುಂಬಲೇ ಇಲ್ಲ. ಪೆಟ್ರೋಲ್ ಬಂಕಿಗೆ ಹೋದವನು ಪೆಟ್ರೋಲ್ ಹಾಕಿಸ್ತಾನೆ, ಹೆಚ್ಚೆಂದರೆ ಟೈರಿಗೆ ಗಾಳಿ ಹಿಡಿಸ್ತಾನೆ. ಇನ್ನೊಂದು ದ್ರವ ನೆನಪಿಟ್ಟುಕೊಂಡು ತಂದು ಹುಯ್ಯೋನು ಯಾರು? ತೊಟ್ಟಿ ಖಾಲಿ, ಬೂಸ್ಟ್ ಇಲ್ಲ, ದುಡ್ಡು ಕೊಟ್ಟ ಶಕ್ತಿ ಇಲ್ಲ, ಮೇಲೆ ದೂರು. ಎರಡು ವರ್ಷದಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಕಾರು ಮಾರಾಟವಾಗಿ ಮಾಡೆಲ್ ನಿಂತೇ ಹೋಯ್ತು. ಆಮೇಲೆ ಕಂಪನಿಯೇ ಮುಂದೆ ಬಂದು ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಡೋ ವ್ಯವಸ್ಥೆ ಮಾಡಿತು. ಟರ್ಬೊ ಒಳ್ಳೇದೇ ಇತ್ತು, ಅದಕ್ಕೆ ಉಣಿಸೋ ಕೆಲಸವನ್ನ ಡ್ರೈವರನ ನೆನಪಿಗೆ ಬಿಟ್ಟರು. ಪ್ರೊಡಕ್ಷನ್‌ಗೆ ಹಾಕಿದ ಕೋಡಿನಲ್ಲಿ ದಿನಾ ಒಬ್ಬ ಕೈಯಾರೆ ಸ್ಕ್ರಿಪ್ಟ್ ಓಡಿಸಬೇಕು ಅಂತ ಬಿಟ್ಟವರಿಗೆ ಈ ನೋವು ಅರ್ಥ ಆಗುತ್ತೆ.

ಕಾರ್ಬ್ಯುರೇಟರ್ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಕಾರ್ಬ್ಯುರೇಟರ್ ಅನ್ನು ಟರ್ಬೊ ಆದಮೇಲೆ ಇಡೋದು. ಆಗ ಕಾರ್ಬ್ಯುರೇಟರಿನೊಳಗೇ ಬೂಸ್ಟ್ ಒತ್ತಡ ಇರುತ್ತೆ. ಮಾಮೂಲಿ ಮೆಕ್ಯಾನಿಕಲ್ ಪಂಪು ಪೆಟ್ರೋಲ್ ತಳ್ಳೋದು ಕಾಲು ಬಾರಿನ ಆಸುಪಾಸಿನಲ್ಲಿ. ಎದುರಿಗೆ ಅರ್ಧ ಬಾರ್ ಗಾಳಿ ನಿಂತರೆ ಪೆಟ್ರೋಲ್ ಒಳಗೇ ಹೋಗಲ್ಲ. ಬೂಸ್ಟ್ ಏರಿದ ಹಾಗೆ ಪೆಟ್ರೋಲ್ ಒತ್ತಡವೂ ಏರಬೇಕು, ಯಾವಾಗಲೂ ಒಂದು ಹೆಜ್ಜೆ ಮುಂದೆ. 1980ರ ಲೋಟಸ್ ಎಸ್ಪ್ರಿ ಟರ್ಬೊ ಎರಡು ಡೆಲೊರ್ಟೊ ಕಾರ್ಬ್ಯುರೇಟರ್ ಇಟ್ಟುಕೊಂಡು 210 ಅಶ್ವಶಕ್ತಿ ತೆಗೆದದ್ದು ಈ ದಾರಿಯಲ್ಲೇ. ಈ "ಒಂದು ಹೆಜ್ಜೆ ಮುಂದೆ" ಅನ್ನೋದನ್ನ ನೆನಪಿಡಿ, ಮತ್ತೆ ಬರುತ್ತೆ.

ಇಲ್ಲಿ ನಮ್ಮೂರಿನ ಮಾತೊಂದು. ಹಳ್ಳಿಯಲ್ಲಿ ಬೆಳೆದವರಿಗೆ ಇಂಧನ ವ್ಯವಸ್ಥೆ ಅನ್ನೋದು ಹೊಸದೇನಲ್ಲ. ಟ್ರಾಕ್ಟರ್ ಎಳೀತಿಲ್ಲ ಅಂದ್ರೆ "ಪಂಪು ನಾಝಲ್ ಚೆಕ್ ಮಾಡಿಸ್ಕೊಂಡು ಬಾರ್ಲಾ" ಅಂತ ಹಿರಿಯರು ತಾಲ್ಲೂಕು ಕೇಂದ್ರಕ್ಕೆ ಕಳಿಸೋರು. ಆ ಅಂಗಡಿಗಳ ಬೋರ್ಡಿನ ಮೇಲೆ ಮೈಕೊ ಅಂತ ಇರ್ತಿತ್ತು. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಿಂದ ಹೆಸರು ಬಾಷ್ ಲಿಮಿಟೆಡ್. ದೇಶದ ಎಷ್ಟೋ ಲಾರಿ ಟ್ರಾಕ್ಟರುಗಳ ಡೀಸೆಲ್ ಪಂಪು ಇಲ್ಲಿಂದಲೇ ಹೋಗಿದ್ದು. ಡೀಸೆಲ್‌ನವರ ಅಭ್ಯಾಸ ಏನಂದ್ರೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡೋದು. ಅತಿಯಾದರೆ ಕಪ್ಪು ಹೊಗೆ ಬರುತ್ತೆ, ಹಿಂದಿನವರು ಬೈತಾರೆ, ಅಷ್ಟೇ ಅಂದ್ಕೊಂಡು ನಡೆಸೋರು. ಟರ್ಬೊ ಡೀಸೆಲ್ ಪಂಪಿನಲ್ಲಿ ಬೂಸ್ಟ್ ಬಂದಮೇಲೆ ಮಾತ್ರ ಡೀಸೆಲ್ ಜಾಸ್ತಿ ಬಿಡೋ ಒಂದು ಡಯಾಫ್ರಮ್ ಇರುತ್ತೆ, ಹೊಗೆ ತಡೆಯೋಕೆ. ಪೆಟ್ರೋಲಿನಲ್ಲಿ ಸಮಸ್ಯೆ ತಿರುಗಾಮುರುಗಾ. ಇಲ್ಲಿ ಅಪಾಯ ಇಂಧನ ಕಡಿಮೆಯಾದಾಗ. ಹೊಗೆ ಇಲ್ಲ, ಎಚ್ಚರಿಕೆ ಇಲ್ಲ, ಕಾರು ಇನ್ನೂ ಚುರುಕಾಗಿ ಓಡಿದ ಹಾಗೇ ಅನಿಸಬಹುದು, ಒಂದು ದಿನ ಪಿಸ್ಟನ್ ಹೋಗಿರುತ್ತೆ. ಡೀಸೆಲ್ ಟ್ಯೂನ್ ಮಾಡಿ ಕೈ ಪಳಗಿದವರು ಪೆಟ್ರೋಲ್ ಟರ್ಬೊಗೆ ಕೈ ಹಾಕಿದಾಗ ನನಗೆ ಸ್ವಲ್ಪ ಭಯ ಆಗೋದು ಇದಕ್ಕೇ.

ಯುರೋಪಿನಲ್ಲಿ ಪೆಟ್ರೋಲ್ ಟರ್ಬೊ ನೆಲೆ ನಿಂತಿದ್ದು ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್ ಹಿಡಿದ ಮೇಲೆ. 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ ಕೂಗೆಲ್‌ಫಿಷರ್ ಮೆಕ್ಯಾನಿಕಲ್ ಇಂಜೆಕ್ಷನ್, 170 ಅಶ್ವಶಕ್ತಿ. ತೈಲ ಬಿಕ್ಕಟ್ಟು ಬಂದು 1,672 ಕಾರಿಗೇ ಮುಗೀತು. ಪೋರ್ಷ 911 ಟರ್ಬೊ ಮರುವರ್ಷ ಬಂತು, ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಜೆಕ್ಷನ್ ಜೊತೆ. ಇವೆರಡರ ಪೋಸ್ಟರ್ ಎಲ್ಲರ ಗೋಡೆ ಮೇಲೂ ಇದೆ. ನನ್ನ ಪ್ರಕಾರ ನಮ್ಮ ವಿಷಯಕ್ಕೆ ಗುರು ಇವೆರಡೂ ಅಲ್ಲ, ಸ್ವೀಡನ್ನಿನ ಸಾಬ್.

ಸಾಬ್ ಸಣ್ಣ ಕಂಪನಿ. ದೊಡ್ಡ ಹೊಸ ಎಂಜಿನ್ ಮಾಡೋಕೆ ದುಡ್ಡಿಲ್ಲ. ಟ್ರಯಂಫ್‌ನ ವಿ8 ತಂದು ಕೂರಿಸಿ ನೋಡಿದರು, ಬಿಟ್ಟರು. ಜೊತೆಗಿದ್ದ ಸ್ಕಾನಿಯಾ ಲಾರಿಯವರಿಗೆ ಟರ್ಬೊ ಅನುಭವ ಇತ್ತು. ಪೇರ್ ಗಿಲ್‌ಬ್ರಾಂಡ್ ಅನ್ನೋ ಎಂಜಿನಿಯರ್ ಮತ್ತವರ ತಂಡ ಇದ್ದ ಎರಡು ಲೀಟರ್ ಎಂಜಿನ್ನಿಗೇ ಸಣ್ಣ ಟರ್ಬೊ ಕೂರಿಸಿತು. ಉದ್ದೇಶ ರೇಸ್ ಗೆಲ್ಲೋದಲ್ಲ. ದಿನಾ ಓಡಿಸೋ ಕಾರಿಗೆ ಕಡಿಮೆ ಆರ್‌ಪಿಎಂನಲ್ಲೇ ಎಳೆತ ಬರಬೇಕು, ಓವರ್‌ಟೇಕ್ ಮಾಡುವಾಗ ಗಿಯರ್ ಇಳಿಸೋ ಪಾಡು ಬೇಡ. ವೇಸ್ಟ್‌ಗೇಟ್ ಇಟ್ಟು ಬೂಸ್ಟ್ ಅನ್ನು 0.7 ಬಾರಿಗೆ ನಿಲ್ಲಿಸಿದರು, ಕಂಪ್ರೆಷನ್ ಅನ್ನು 7.2ಕ್ಕೆ ಇಳಿಸಿದರು. 1978ರಲ್ಲಿ ಮಾರಾಟಕ್ಕೆ ಬಂದ 99 ಟರ್ಬೊ ಕೊಟ್ಟಿದ್ದು 145 ಅಶ್ವಶಕ್ತಿ. ಅದೇ ಎಂಜಿನ್ ಟರ್ಬೊ ಇಲ್ಲದೆ ಕೊಡ್ತಿದ್ದದ್ದು 118ರ ಆಸುಪಾಸು.

ನನಗೆ ಇದರಲ್ಲಿ ಇಷ್ಟವಾಗೋದು ಅವರು ಆರಿಸಿಕೊಂಡ ಮೂಲ. ಕಾರ್ಬ್ಯುರೇಟರ್ ಇದ್ದ ಅಗ್ಗದ 99ಕ್ಕೆ ಅವರು ಟರ್ಬೊ ಹಾಕಲಿಲ್ಲ, ಕೆ-ಜೆಟ್ರಾನಿಕ್ ಇದ್ದ ಮಾಡೆಲಿನ ಇಂಧನ ವ್ಯವಸ್ಥೆ ತಗೊಂಡರು. ಆ ವ್ಯವಸ್ಥೆಯಲ್ಲಿ ಒಳಗೆ ಬರೋ ಗಾಳಿ ಒಂದು ತಟ್ಟೆಯನ್ನ ಎತ್ತುತ್ತೆ. ತಟ್ಟೆ ಎದ್ದಷ್ಟೂ ಪೆಟ್ರೋಲಿನ ಬಾಗಿಲು ತೆರೆಯುತ್ತೆ. ನಮ್ಮ ಕಡೆ ಕೆರೆ ತೂಬಿನ ಹಾಗೆ, ಆದರೆ ಎತ್ತೋನು ನೀರಗಂಟಿ ಅಲ್ಲ, ಗಾಳಿಯೇ. ಟರ್ಬೊ ಹೆಚ್ಚು ಗಾಳಿ ಎಳೆದರೆ ತಟ್ಟೆ ಹೆಚ್ಚು ಏಳುತ್ತೆ, ಪೆಟ್ರೋಲ್ ತಾನೇ ಬರುತ್ತೆ. ಡ್ರೈವರನಿಗೆ ಏನೂ ನೆನಪಿಡೋ ಕೆಲಸ ಇಲ್ಲ. ತಟ್ಟೆ ಪೂರ್ತಿ ಎದ್ದಮೇಲೆ ಮಾತ್ರ ಕಥೆ ಮುಗೀತು, ಇನ್ನೆಷ್ಟೇ ಗಾಳಿ ಬಂದರೂ ಪೆಟ್ರೋಲ್ ಅಷ್ಟೇ. ಲೋ ಬೂಸ್ಟ್ ಆಗಿದ್ದರಿಂದ ಸಾಬ್ ಆ ಮಿತಿಯೊಳಗೇ ಉಳೀತು. ಮುಂದೆ 1982ರ ಮಾಡೆಲುಗಳಲ್ಲಿ ನಾಕಿಂಗ್ ಕೇಳಿಸಿಕೊಳ್ಳೋ ಸೆನ್ಸರ್ ಇಟ್ಟು, ಬಂಕಿನಲ್ಲಿ ಸಿಕ್ಕ ಪೆಟ್ರೋಲ್ ಹೇಗಿದೆಯೋ ಹಾಗೆ ಬೂಸ್ಟ್ ಏರಿಳಿಸೋ ಎಪಿಸಿ ವ್ಯವಸ್ಥೆ ತಂದರು. ಹಾಕಿದ ಪೆಟ್ರೋಲನ್ನ ನಂಬಿ ಕೂರೋ ಬದಲು ಎಂಜಿನ್ ಅದನ್ನ ಪರೀಕ್ಷೆ ಮಾಡ್ತಾ ಓಡೋದು ಅಲ್ಲಿಂದ ಶುರು.

ಕಂಪನಿಯವರ ಕಥೆ ಇದಾಯ್ತು. ಗ್ಯಾರೇಜಿನವರ ಕಥೆ ಶುರುವಾಗೋದು 1989ರಲ್ಲಿ ಬಂದ ಮಾಜ್ದಾ ಮಿಯಾಟಾದಿಂದ. ಚಂದದ ಪುಟ್ಟ ಕಾರು, 1.6 ಲೀಟರ್, ಶಕ್ತಿ ಸಾಲದು ಅಂತ ಎಲ್ಲರ ಗೋಳು. ಅಮೆರಿಕದಲ್ಲಿ ಇದಕ್ಕೆ ಆರು ಪಿಎಸ್‌ಐ ಟರ್ಬೊ ಕಿಟ್‌ಗಳು ಬಂದವು. ಟೆಕ್ಸಾಸಿನ ಕಾರ್ಕಿ ಬೆಲ್ ಈ ವಿದ್ಯೆಗೆ ದೊಡ್ಡ ಹೆಸರು. 1997ರ ಅವರ ಪುಸ್ತಕ ಮ್ಯಾಕ್ಸಿಮಮ್ ಬೂಸ್ಟ್ ಇವತ್ತಿಗೂ ಟ್ಯೂನರ್‌ಗಳ ಕೈಯಲ್ಲಿ ಓಡಾಡುತ್ತೆ. ತೊಂದರೆ ಏನಂದ್ರೆ ಕಾರಿನ ಕಂಪ್ಯೂಟರಿಗೆ ಟರ್ಬೊ ಬಂದಿರೋದು ಗೊತ್ತೇ ಇಲ್ಲ. ಗಾಳಿ ಅಳೆಯೋ ಮೀಟರಿನ ರೆಕ್ಕೆ ಪೂರ್ತಿ ತೆರೆದುಕೊಂಡ ಮೇಲೆ ಅದು ಕುರುಡು. ಆ ಕಾಲಕ್ಕೆ ಪ್ರೋಗ್ರಾಂ ಬದಲಾಯಿಸೋದು ಸುಲಭ ಇರಲಿಲ್ಲ. ಅದಕ್ಕೆ ಒಂದು ತಂತ್ರ ಮಾಡಿದರು: ಪೆಟ್ರೋಲ್ ರೆಗ್ಯುಲೇಟರ್ ಒಂದನ್ನ ಜೋಡಿಸಿ, ಬೂಸ್ಟ್ ಒಂದು ಪಿಎಸ್‌ಐ ಏರಿದರೆ ಪೆಟ್ರೋಲ್ ಒತ್ತಡ ಅದರ ಹಲವು ಪಟ್ಟು ಏರೋ ಹಾಗೆ ಮಾಡಿದರು. ಇಂಜೆಕ್ಟರ್ ತೆರೆದಿರೋ ಹೊತ್ತು ಅಷ್ಟೇ, ಆದರೆ ಒತ್ತಡ ಜಾಸ್ತಿ ಇರೋದರಿಂದ ಪೆಟ್ರೋಲ್ ಹೆಚ್ಚು ಚಿಮ್ಮುತ್ತೆ. ಲೋಟಸ್‌ನ "ಒಂದು ಹೆಜ್ಜೆ ಮುಂದೆ" ಇಲ್ಲಿ ಹತ್ತು ಹೆಜ್ಜೆ ಆಯ್ತು.

ಡ್ರಿಪ್ ಹಾಕಿಸಿದ ರೈತನಿಗೆ ಈ ತಂತ್ರದ ಮಿತಿ ಹೇಳಿಕೊಡಬೇಕಾಗಿಲ್ಲ. ಮೋಟಾರಿನ ಒತ್ತಡ ಎರಡು ಪಟ್ಟು ಮಾಡಿದರೆ ತೂತಿನಿಂದ ನೀರು ಎರಡು ಪಟ್ಟು ಬರಲ್ಲ. ಹರಿವು ಏರೋದು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ. 3 ಬಾರ್ ಇದ್ದದ್ದನ್ನ 6 ಬಾರ್ ಮಾಡಿದರೆ ಪೆಟ್ರೋಲ್ ಹೆಚ್ಚೋದು ನೂರಕ್ಕೆ 41 ಮಾತ್ರ. ಇತ್ತ ಪಂಪಿನ ಕಷ್ಟ ನೋಡಿ: ಒತ್ತಡ ಏರಿದ ಹಾಗೆ ಪಂಪು ಕೊಡೋ ಪ್ರಮಾಣ ಇಳೀತಾ ಹೋಗುತ್ತೆ. ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆ ಸಿಗೋದು. ಹೀಗಾಗಿ ಕಿಟ್‌ನವರು ಇನ್ನೊಂದು ಪಂಪು ಸೇರಿಸೋಕೆ ಶುರು ಮಾಡಿದರು. ಆರು ಪಿಎಸ್‌ಐಗೆ ಇದು ಸರಿಹೋಯ್ತು, ಹತ್ತಾರು ವರ್ಷ ಓಡಿದ ಕಾರುಗಳಿವೆ. ಅದಕ್ಕಿಂತ ಮೇಲೆ ಹೋಗೋದು ಜೂಜು.

2001ರಲ್ಲಿ ಬ್ರೂಸ್ ಬೌಲಿಂಗ್, ಅಲ್ ಗ್ರಿಪ್ಪೊ ಅನ್ನೋ ಇಬ್ಬರು ಮೆಗಾಸ್ಕ್ವರ್ಟ್ ಅನ್ನೋ ಇಂಜೆಕ್ಷನ್ ಕಂಪ್ಯೂಟರ್ ಹೊರತಂದರು. ಬಿಡಿಭಾಗ ತರಿಸಿ, ಮನೆಯಲ್ಲೇ ಬೆಸುಗೆ ಹಾಕಿ, ಲ್ಯಾಪ್‌ಟಾಪ್ ಸಿಕ್ಕಿಸಿ ಇಂಧನದ ಕೋಷ್ಟಕ ಬರೆಯಬಹುದು. ಒತ್ತಡದ ಕಸರತ್ತು ಬಿಟ್ಟು ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ನೇರವಾಗಿ ಹೇಳೋ ಅಧಿಕಾರ ಸಾಮಾನ್ಯನ ಕೈಗೆ ಬಂತು. ನಮ್ಮ ಕಸುಬಿನವರು ಈ ಹವ್ಯಾಸಕ್ಕೆ ಬಿದ್ದದ್ದು ಬಹುಶಃ ಈ ಬಾಗಿಲಿನಿಂದಲೇ.

ಇಷ್ಟೆಲ್ಲ ಚರಿತ್ರೆ ಇಟ್ಟುಕೊಂಡು ಹುಡುಗನ ಕಾರಿಗೆ ಬರೋಣ. ಗುರಿ 150 ಅಶ್ವಶಕ್ತಿ ಅಂತಿಟ್ಟುಕೊಳ್ಳಿ. ಟರ್ಬೊ ಪೆಟ್ರೋಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಕುಡಿಯುತ್ತೆ. ಒಟ್ಟು 41 ಕೆಜಿ, ಅಂದರೆ ಗಂಟೆಗೆ 55 ಲೀಟರ್. ನಾಲ್ಕು ಇಂಜೆಕ್ಟರಿಗೆ ಹಂಚಿದರೆ ಒಂದಕ್ಕೆ ನಿಮಿಷಕ್ಕೆ 230 ಸಿಸಿ. ಇಂಜೆಕ್ಟರ್ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಅನ್ನೋ ರೂಢಿ ಹಿಡಿದರೆ 290 ಸಿಸಿಯದು ಬೇಕು. ಅಷ್ಟೇ. 550 ಸಿಸಿ ಇಂಜೆಕ್ಟರ್ ಅಗ್ಗಕ್ಕೆ ಸಿಗುತ್ತೆ ಅಂತ ತಂದರೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಕುಂಟುತ್ತೆ, ಯಾಕಂದ್ರೆ ಅಷ್ಟು ದೊಡ್ಡದನ್ನ ಅಷ್ಟು ಚಿಕ್ಕ ಹೊತ್ತು ತೆರೆದು ಮುಚ್ಚೋದು ಕಷ್ಟ. ಪಂಪೂ ಅಷ್ಟೇ. ಎಲ್ಲರೂ ಹೇಳೋ ವಾಲ್ಬ್ರೊ 255 ಲೀಟರಿನದು, ಬೇಕಿರೋದು 55. ಅಷ್ಟು ದೊಡ್ಡದು ಯಾಕೆ?

ಪಂಪಿಗಿಂತ ಮೊದಲು ಅದರ ವೈರ್ ನೋಡಿ. ಹಳೇ ಕಾರುಗಳಲ್ಲಿ ತೆಳ್ಳಗಿನ ವೈರು, ತುಕ್ಕು ಹಿಡಿದ ಕನೆಕ್ಟರ್ ದಾಟಿ ಪಂಪಿಗೆ ತಲುಪೋ ವೋಲ್ಟೇಜ್ ಬಿದ್ದುಹೋಗಿರುತ್ತೆ. ರಿಲೇ ಹಾಕಿ ದಪ್ಪ ವೈರ್ ಎಳೆದರೆ ಹಳೇ ಪಂಪೇ ಹೆಚ್ಚು ಕೊಡುತ್ತೆ. ಬೋರ್‌ವೆಲ್ ಮೋಟಾರಿಗೆ ಲೋ ವೋಲ್ಟೇಜ್ ಅಂತ ನಮ್ಮೂರಲ್ಲಿ ರಾತ್ರಿ ಹನ್ನೆರಡಕ್ಕೆ ಎದ್ದು ಕೂರೋರಿಗೆ ಇದು ಚೆನ್ನಾಗಿ ಗೊತ್ತು. ಆಮೇಲೆ ರೆಗ್ಯುಲೇಟರ್ ಎಲ್ಲಿದೆ ನೋಡಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ಟ್ಯಾಂಕಿನೊಳಗೇ ಇರುತ್ತೆ, ಬೂಸ್ಟ್ ಬಂದದ್ದು ಅದಕ್ಕೆ ತಿಳಿಯಲ್ಲ. 3 ಬಾರ್ ಒತ್ತಡಕ್ಕೆ ಎದುರಾಗಿ ಅರ್ಧ ಬಾರ್ ಬೂಸ್ಟ್ ನಿಂತರೆ ಉಳಿಯೋದು ಎರಡೂವರೆ; ಇಂಜೆಕ್ಟರ್ ನೂರಕ್ಕೆ ಒಂಬತ್ತರಷ್ಟು ಕಡಿಮೆ ಚಿಮ್ಮುತ್ತೆ, ಅದೂ ಹೆಚ್ಚು ಬೇಕಾದಾಗ. "ಏನೂ ಮುಟ್ಟೋದು ಬೇಡ" ಅಂದವರು ಈ ಒಂಬತ್ತನ್ನ ಲೆಕ್ಕಕ್ಕೆ ಹಿಡಿದಿದ್ದರಾ ಅಂತ ಕೇಳು ಅಂದೆ. ವೈಡ್‌ಬ್ಯಾಂಡ್ ಸೆನ್ಸರ್, ಒಂದು ಪೆಟ್ರೋಲ್ ಪ್ರೆಷರ್ ಗೇಜ್, ಮೊದಲ ಖರ್ಚು ಇವೆರಡಕ್ಕೆ. ಇವು ಏನು ಹೇಳ್ತವೋ ನೋಡಿ ಆಮೇಲೆ ಪಂಪು, ಇಂಜೆಕ್ಟರ್, ಪ್ರೋಗ್ರಾಂ.

ಕಂಪನಿಯಿಂದಲೇ ಟರ್ಬೊ ಬಂದ ಕಾರು ಇದ್ದವರ ಮಾತು ಬೇರೆ. 2013ರ ಪೋಲೊ ಜಿಟಿ ಟಿಎಸ್‌ಐ, 2017ರ ಬಲೆನೊ ಆರ್‌ಎಸ್ ಥರದವುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿನೊಳಗೇ ಚಿಮ್ಮುತ್ತೆ, ನೂರಾರು ಬಾರ್ ಒತ್ತಡದಲ್ಲಿ, ಕ್ಯಾಮ್‌ಶಾಫ್ಟ್ ತಿರುಗಿಸೋ ಪಂಪಿನಿಂದ. ಅಲ್ಲಿ ಅಂಗಡಿಯ ಇಂಜೆಕ್ಟರ್ ತಂದು ಕೂರಿಸೋ ಆಟ ಸುಲಭಕ್ಕೆ ನಡೆಯಲ್ಲ. ಆ ಪಂಪು ಎಷ್ಟು ಕೊಡುತ್ತೋ ಅದೇ ನಿಮ್ಮ ರೀಮ್ಯಾಪಿನ ಗಡಿ.

ಇನ್ನೊಂದು ಸಂಗತಿ ಈಗ ಎಲ್ಲ ಟ್ಯಾಂಕಿಗೂ ಬಂದಿದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ, ನೂರಕ್ಕೆ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆ ಆಯ್ತು. ಜೆಟ್‌ಫೈರ್ ಗಿರಾಕಿಗಳು ತುಂಬೋಕೆ ಮರೆತ ಆಲ್ಕೋಹಾಲಿನ ದಾಯಾದಿ ಈಗ ಬಂಕಿನಲ್ಲೇ ಬೆರೆತು ಬರ್ತಿದೆ. ಟರ್ಬೊಗೆ ಇದು ಅರ್ಧ ಒಳ್ಳೇ ಸುದ್ದಿ: ಎಥನಾಲ್ ಆವಿಯಾಗುವಾಗ ಹೆಚ್ಚು ಬಿಸಿ ಹೀರುತ್ತೆ, ನಾಕಿಂಗ್ ತಡೆಯುತ್ತೆ. ಉಳಿದರ್ಧ ಏನಂದ್ರೆ ಒಂದು ಕೆಜಿ ಇ20 ಉರಿಯೋಕೆ ಬೇಕಾದ ಗಾಳಿ 14.7 ಕೆಜಿ ಅಲ್ಲ, 13.5ರ ಆಸುಪಾಸು. ಅಷ್ಟೇ ಗಾಳಿಗೆ ನೂರಕ್ಕೆ ಸುಮಾರು ಎಂಟು ಹೆಚ್ಚು ಇಂಧನ. ಹಳೇ ಕಾರಿನ ರಬ್ಬರ್ ಹೋಸು, ಸೀಲುಗಳು ಎಥನಾಲ್ ತಡೀತಾವಾ ಅಂತಲೂ ನೋಡಿಕೊಳ್ಳಬೇಕು. ಹುಡುಗನ ಚೀಟಿಯಲ್ಲಿ 290 ಸಿಸಿ ಅಂತ ಬರೆದಿದ್ದೆವು. ಅದನ್ನ ಹೊಡೆದು 315 ಮಾಡಿದೆವು, ಕೆಳಗೆ ಹೋಸ್ ಅಂತ ಒಂದು ಸಾಲು ಸೇರಿಸಿದೆವು.